ಮುತ್ಯಾನ ಹೆಗಲು, ನನ್ನ ಬೆನ್ನು

ಬಾರ್‌ಬೆಲ್ ಓರೆಯಾಗಿ ಏಳುತ್ತಿದೆ ಎಂದು ಮೊದಲು ಹೇಳಿದವನು ಹಾಸ್ಟೆಲಿನ ಗೆಳೆಯ. ನಾನು ಒಪ್ಪಲಿಲ್ಲ. ಅವನು ಮೊಬೈಲಿನಲ್ಲಿ ಹಿಡಿದು ತೋರಿಸಿದ. ತಲೆಯ ಮೇಲೆ ಎತ್ತುವಾಗ ಬಲಗೈ ಮುಂದೆ ಹೋಗುತ್ತಿತ್ತು, ಎಡಗೈ ಒಂದು ಗಳಿಗೆ ತಡವಾಗಿ ಏಳುತ್ತಿತ್ತು. ನೊಗದಲ್ಲಿ ಒಂದು ಎತ್ತು ಹಿಂದೆ ಬಿದ್ದ ಹಾಗೆ. ಜಿಮ್ಮಿನ ತರಬೇತುದಾರ, ಎಡಗಡೆಗೆ ಎರಡೂವರೆ ಕೆಜಿ ಹೆಚ್ಚು ಹಾಕು, ತಾನೇ ಸರಿಹೋಗುತ್ತದೆ ಎಂದ. ಸರಿಹೋಗಲಿಲ್ಲ. ಎರಡು ತಿಂಗಳಲ್ಲಿ ಎಡಭುಜದ ಕೀಲು, ಆಮೇಲೆ ಬಲಗಡೆಯ ನಡ, ಕೊನೆಗೆ ಮೊಣಕಾಲು ಹೀಗೆ ನೋವು ಬಾಡಿಗೆ ಮನೆ ಬದಲಿಸಿದಂತೆ ಜಾಗ ಬದಲಿಸುತ್ತ ಹೋಯಿತು. ಎಕ್ಸ್‌ರೇ ತೆಗೆಸಿದಾಗ ಗೊತ್ತಾದದ್ದು ಬೆನ್ನುಮೂಳೆ 13 ಡಿಗ್ರಿ ಓರೆಯಾಗಿದೆ ಎಂದು. ಸ್ಕೋಲಿಯೋಸಿಸ್, ಅದೂ ಸೌಮ್ಯ ಬಗೆಯದು.

ಫೋನಿನಲ್ಲಿ ಅವ್ವನಿಗೆ ಹೇಳಿದೆ. ಅವಳು ಗಾಬರಿಯಾಗಲಿಲ್ಲ. "ಮುತ್ಯಾಂದೂ ಹಂಗ ಇತ್ತಲ್ಲೋ ತಮ್ಮಾ, ಒಂದ್ ಹೆಗಲ ಕೆಳಗ. ಹಮಾಲಿ ಮಾಡಿ ಮಾಡಿ ಹಂಗಾಗಿತ್ತು. ಅದs ಬಂದದ ನಿನಗ" ಎಂದಳು.

ಆ ಮಾತು ನನ್ನನ್ನು ಬಿಡಲಿಲ್ಲ. ಬಿಜಾಪುರ ಜಿಲ್ಲೆಯ ಸಂತೆ-ಪೇಟೆಗಳ ಚರಿತ್ರೆ ನನ್ನ ಪಿಎಚ್.ಡಿ.ಯ ವಿಷಯ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ ಅಡತಿ ಅಂಗಡಿಗಳ ಹಳೆಯ ಖಾತೆಪುಸ್ತಕ ಹುಡುಕುತ್ತ ಮೂರು ವರ್ಷ ತಿರುಗಿದ್ದೇನೆ. ಮುತ್ಯಾ ಸಿಂದಗಿಯ ಪೇಟೆಯಲ್ಲಿ ಜೀವನವಿಡೀ ಚೀಲ ಹೊತ್ತವನು. ನಾನು ಹುಡುಕುತ್ತಿದ್ದ ಚರಿತ್ರೆ ಖಾತೆಪುಸ್ತಕದಲ್ಲಿಲ್ಲ, ನನ್ನ ಬೆನ್ನಿನಲ್ಲೇ ಇದೆ ಎಂದು ನಂಬುವುದಕ್ಕೆ ಇದಕ್ಕಿಂತ ಒಳ್ಳೆಯ ನೆಪ ಬೇಕೇ? ಪ್ರಬಂಧದ ಮುನ್ನುಡಿಗೆ ಎಂಥ ಸಾಲು! ಎಕ್ಸ್‌ರೇ ಹಾಳೆಯನ್ನು ಓದುವ ಮೇಜಿನ ಮುಂದಿನ ಕಿಟಕಿಗೆ ಅಂಟಿಸಿಕೊಂಡೆ. ಅದನ್ನು ಯಾಕೆ ತೆಗೆದೆ ಎಂಬುದನ್ನು ಮುಂದೆ ಹೇಳುತ್ತೇನೆ.

ನಮ್ಮ ಕಡೆಯ ಹಳ್ಳಿಗಳಲ್ಲಿ ಹಣಮಂತದೇವರ ಗುಡಿಯ ಮುಂದೆ ಒಂದೆರಡು ಕಲ್ಲು ಬಿದ್ದಿರುವುದನ್ನು ನೋಡಿದವರು ಬಹಳ. ಹೊರಗಿನವರಿಗೆ ಅದು ಬರೀ ಕಲ್ಲು, ಊರವರಿಗೆ ಗುಂಡು. ಕಾರಹುಣ್ಣಿಮೆಗೋ ನಾಗರಪಂಚಮಿಗೋ ಹರೆಯದ ಹುಡುಗರು ಅದನ್ನು ತಬ್ಬಿ, ತೊಡೆಯ ಮೇಲಕ್ಕೆ ತಂದು, ಎದೆಗೆ ಏರಿಸಿ, ಹೆಗಲ ಮೇಲಿಂದ ಹಿಂದಕ್ಕೆ ಒಗೆಯಬೇಕು. ಗುಂಡಿಗೆ ಹಿಡಿಕೆ ಇಲ್ಲ. ಬೆವರಿದ ಕೈಗೆ ಜಾರುತ್ತದೆ ಎಂದು ಅಂಗೈಗೆ ಮಣ್ಣು ತಿಕ್ಕಿಕೊಳ್ಳುತ್ತಾರೆ. ಇದರ ಜೊತೆಗೆ ಸಂಗ್ರಾಣಿ ಕಲ್ಲು. ನಾನು ನೋಡಿದ ಒಂದು ಸಂಗ್ರಾಣಿಯಲ್ಲಿ ಕಲ್ಲನ್ನೇ ಕೊರೆದು ಹಿಡಿಕೆ ಮಾಡಿದ್ದರು. ಐದು ಬೆರಳು ತೂರುವಷ್ಟೇ ಜಾಗ. ಅದನ್ನು ಒಂದೇ ಕೈಯಲ್ಲಿ ಎತ್ತಬೇಕು. ಮೂರನೆಯದು ಉಸುಕು ತುಂಬಿದ ಚೀಲ. ಸಂಕ್ರಾಂತಿಯ ಹೊತ್ತಿಗೆ ವಿಜಯಪುರದಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆಯಲ್ಲಿ ಇವೆಲ್ಲದರ ಸ್ಪರ್ಧೆ ಇಂದಿಗೂ ಇದೆ. ನಾಲ್ಕೂ ತಾಲೂಕುಗಳ ಪೈಲವಾನರು ಅಲ್ಲಿಗೆ ಹೋಗುತ್ತಾರೆ, ಗೆದ್ದವರ ಕೊರಳಿಗೆ ಮಾಲೆ ಬೀಳುತ್ತದೆ, ಹಲಗೆ ಬಾರಿಸುತ್ತಾರೆ.

ಈ ಮೂರರಲ್ಲಿ ಒಂದೂ ಮೈಯ ಎರಡು ಪಾಲಿಗೆ ಸಮನಾದ ಭಾರವಲ್ಲ ಎಂಬುದು ನನಗೆ ಹೊಳೆದದ್ದು ಓರೆ ಬಾರ್‌ಬೆಲ್‌ನ ವಿಡಿಯೋ ನೋಡಿದ ಮೇಲೆಯೇ. ಗುಂಡು ಕೊನೆಗೆ ಒಂದು ಹೆಗಲಿಗೇ ಬರಬೇಕು. ಸಂಗ್ರಾಣಿ ಒಂದು ಕೈಯದು. ಚೀಲವೂ ಒಂದು ಹೆಗಲದು. ಬಾರ್‌ಬೆಲ್ ಅಂದರೆ ಕಬ್ಬಿಣದ ಕಾವಡಿ: ಎರಡು ತುದಿಗೆ ಸಮ ತೂಕ, ನಡುವೆ ಮನುಷ್ಯ. ನಮ್ಮ ಜಾತ್ರೆಯ ಕಲ್ಲಿಗೆ ಆ ನ್ಯಾಯ ಗೊತ್ತಿಲ್ಲ.

ಬಾರ್‌ಬೆಲ್ ಹಿಡಿದವರಿಗೂ ಆ ನ್ಯಾಯ ಮೊದಲಿನಿಂದ ಇರಲಿಲ್ಲ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಭಾರ ಎತ್ತುವುದರಲ್ಲಿ ಎರಡು ಸ್ಪರ್ಧೆಗಳಿದ್ದವು, ಒಂದು ಎರಡು ಕೈಯದು, ಇನ್ನೊಂದು ಒಂದೇ ಕೈಯದು. ಎರಡು ಕೈಯದರಲ್ಲಿ ಡೆನ್ಮಾರ್ಕಿನ ವಿಗ್ಗೊ ಯೆನ್ಸನ್ 111.5 ಕೆಜಿ ಎತ್ತಿ ಗೆದ್ದ. ಇನ್ನೂ ಹೆಚ್ಚು ಎತ್ತಲು ಹೋಗಿ ಅವನ ಭುಜಕ್ಕೆ ಪೆಟ್ಟಾಯಿತು. ಆ ಭುಜವನ್ನೇ ಹೊತ್ತು ಒಂದು ಕೈಯ ಸ್ಪರ್ಧೆಗೆ ಇಳಿದ; ಬ್ರಿಟನ್ನಿನ ಲಾನ್ಸೆಸ್ಟನ್ ಎಲಿಯಟ್ 71 ಕೆಜಿ ಎತ್ತಿ ಅವನನ್ನು ಸೋಲಿಸಿದ. ಮೊದಲ ಒಲಿಂಪಿಕ್ಸ್‌ನ ಕಥೆಯಲ್ಲಿ ನೋಯುವ ಭುಜವೊಂದು ದಾಖಲಾಗಿ ಉಳಿದಿದೆ ಎಂಬುದು ನನಗೆ ದೊಡ್ಡ ಸಂಗತಿ. 1924ರ ಪ್ಯಾರಿಸ್ ಕ್ರೀಡಾಕೂಟದವರೆಗೂ ಒಂದು ಕೈಯ ಎತ್ತುವಿಕೆ ಇತ್ತು. 1928ರಲ್ಲಿ ಅದನ್ನು ತೆಗೆದು ಎರಡು ಕೈಯದನ್ನಷ್ಟೇ ಉಳಿಸಿದರು. ಅಲ್ಲಿಂದಾಚೆಗೆ ಭಾರ ಎತ್ತುವುದೆಂದರೆ ಸಮನಾಗಿ ಎತ್ತುವುದು ಎಂಬಂತಾಯಿತು, ಓರೆ ಎಂಬುದು ತಪ್ಪಾಯಿತು.

ಕನ್ನಡದ ಓದುಗರಿಗೆ ಇಲ್ಲಿ ಕೆ.ವಿ. ಅಯ್ಯರ್ ನೆನಪಾಗಬೇಕು. 'ಶಾಂತಲಾ' ಬರೆದವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸುತ್ತಿದ್ದರು, ಅಂಚೆಯ ಮೂಲಕವೂ ಅಂಗಸಾಧನೆ ಕಲಿಸುತ್ತಿದ್ದರು ಎಂಬುದನ್ನು ಸಾಹಿತ್ಯದ ಪಾಠದಲ್ಲಿ ಯಾರೂ ಒತ್ತಿ ಹೇಳುವುದಿಲ್ಲ. ಸ್ಯಾಂಡೋನ ಕಾಲದಿಂದ ಬಂದ ಆ ಪಂಥಕ್ಕೆ ಮಾದರಿ ಗ್ರೀಕ್ ಶಿಲ್ಪ: ಎಡ ಬಲ ಅಳತೆ ಒಂದೇ ಇರಬೇಕು. ಅದೇ ಅಯ್ಯರ್ ಬರೆದ 'ರೂಪದರ್ಶಿ'ಯಲ್ಲಿ ಕಲಾವಿದನೊಬ್ಬ ಬಾಲಯೇಸುವಿಗೆ ಮಾದರಿಯಾಗಿದ್ದವನನ್ನೇ ವರ್ಷಗಳ ನಂತರ ಗುರುತು ಸಿಗದೆ ಜುದಾಸನ ಮಾದರಿಯಾಗಿ ಆರಿಸುತ್ತಾನೆ. ಬದುಕಿದ ಬದುಕು ಮೈಮೇಲೆ ಬರೆದುಕೊಳ್ಳುತ್ತದೆ ಎಂಬ ನಂಬಿಕೆ ಆ ಕಾದಂಬರಿಯ ಬೆನ್ನೆಲುಬು. ಪಿಯುಸಿಯಲ್ಲಿ ಓದಿ ಅತ್ತಿದ್ದೆ. ಅವ್ವನ ಮಾತು ನನಗೆ ಅಷ್ಟು ಬೇಗ ಹಿಡಿಸಿದ್ದಕ್ಕೆ ಆ ಕಾದಂಬರಿಯ ಪಾಲೂ ಇದ್ದೀತು.

ಇನ್ನು ನಮ್ಮ ನೆಲದ್ದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಎಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದಕ್ಕೆ ಒಂದು ಅಧ್ಯಾಯವನ್ನೇ ಇಟ್ಟಿದ್ದಾನೆ. ಅರಸ ತನ್ನ ಮಲ್ಲರಿಗೆ ಏನು ಉಣ್ಣಿಸಬೇಕು, ಯಾವ ಯಾವ ಶ್ರಮ ಮಾಡಿಸಬೇಕು ಎಂಬುದೆಲ್ಲ ಅಲ್ಲಿದೆ. ನೀರಿನಲ್ಲಿ ಮಾಡುವುದು ಸಲಿಲಶ್ರಮ, ಕಂಬದ ಮೇಲೆ ಮಾಡುವುದು ಸ್ತಂಭಶ್ರಮ, ಭಾರ ಎತ್ತುವುದು ಭಾರಶ್ರಮ. ಇದೇ ಕಾಲಕ್ಕೆ, ಇದೇ ರಾಜ್ಯದ ಬಾಗೇವಾಡಿಯಲ್ಲಿ ಬಸವಣ್ಣ ಹುಟ್ಟಿದ್ದು. ಕಲ್ಯಾಣದ ಶರಣರಲ್ಲಿ ಒಬ್ಬ ಮೋಳಿಗೆಯ ಮಾರಯ್ಯ. ಮೋಳಿಗೆ ಎಂದರೆ ಕಟ್ಟಿಗೆಯ ಹೊರೆ. ಕಾಶ್ಮೀರದ ಅರಸನಾಗಿದ್ದವನು ಎಲ್ಲ ಬಿಟ್ಟು ಬಂದು ಅಡವಿಯಿಂದ ಹೊರೆ ಹೊತ್ತು ಮಾರಿ ದಾಸೋಹ ಮಾಡಿದ ಎನ್ನುತ್ತದೆ ಪರಂಪರೆ. ಅರಸನ ಪುಸ್ತಕದಲ್ಲಿ ಭಾರ ವಿನೋದ, ಶರಣನಲ್ಲಿ ಭಾರ ಕಾಯಕ. ಈ ಹೋಲಿಕೆಯನ್ನು ವಿಚಾರ ಸಂಕಿರಣವೊಂದರಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಆದರೆ ಮಲ್ಲನ ಕೀಲು ನೋಯುತ್ತಿತ್ತೇ, ಮಾರಯ್ಯನ ಯಾವ ಹೆಗಲು ಇಳಿದಿತ್ತು ಎಂದು ಅಂದು ನಾನೂ ಕೇಳಿರಲಿಲ್ಲ, ಕೂತವರೂ ಕೇಳಲಿಲ್ಲ.

ಭಾರಕ್ಕೂ ಹೊಟ್ಟೆಪಾಡಿಗೂ ಇರುವ ನಂಟನ್ನು ಕಲ್ಲಿನಲ್ಲೇ ತೋರಿಸಿದವರು ಐಸ್‌ಲ್ಯಾಂಡಿನ ಮೀನುಗಾರರು. ಅಲ್ಲಿನ ಡ್ಯೂಪಾಲೋನ್ಸಾಂಡುರ್ ಎಂಬ ಕಡಲತೀರದಲ್ಲಿ ನಾಲ್ಕು ಕಲ್ಲುಗಳಿವೆ: 154, 100, 54, 23 ಕೆಜಿ. ದೋಣಿಯಲ್ಲಿ ಕೆಲಸ ಬೇಕೆಂದವನು ಎಷ್ಟನೆಯ ಕಲ್ಲು ಎತ್ತುತ್ತಾನೆ ಎಂಬುದರ ಮೇಲೆ ಅವನ ಯೋಗ್ಯತೆ ನಿರ್ಧಾರ. ನಾಲ್ಕಕ್ಕೂ ಹೆಸರಿದೆ, 'ಪೂರ್ಣ ಬಲಶಾಲಿ'ಯಿಂದ ಕೈಲಾಗದವನವರೆಗೆ. ತಮಿಳುನಾಡಿನ ಹಳ್ಳಿಗಳ ಇಳವಟ್ಟ ಕಲ್ಲು ಎತ್ತಿದವನಿಗೆ ಹೆಣ್ಣು ಕೊಡುತ್ತಿದ್ದರಂತೆ. ನಮ್ಮಲ್ಲಿ ಗುಂಡು ಎತ್ತಿದವನಿಗೆ ಸಿಕ್ಕದ್ದು ಬೆಳ್ಳಿ ಕಡಗ, ರುಮಾಲು, ಮತ್ತು ಮರುದಿನ ಅಡತಿ ಅಂಗಡಿಯಲ್ಲಿ ಕೆಲಸ. ಮುತ್ಯಾನಿಗೆ ಹಾಗೆಯೇ ಸಿಕ್ಕಿದ್ದು ಎಂದು ಅವ್ವ ಹೇಳುತ್ತಾಳೆ. ಸಾವುಕಾರ ಜಾತ್ರೆಯಲ್ಲಿ ನೋಡಿ, "ನಾಳೆ ಅಂಗಡಿಗಿ ಬಾರೋ" ಎಂದನಂತೆ.

ಅಡತಿ ಅಂಗಡಿಯ ಭಾರದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನನ್ನ ಮೂರು ವರ್ಷ ಹೋದದ್ದೇ ಅದರಲ್ಲಿ. 1880ರ ದಶಕದಲ್ಲಿ ಹೋಟಗಿಯಿಂದ ಗದಗಿಗೆ ರೈಲುಹಾದಿ ಬಂತು. ಇಂಡಿಗೂ ಬಸವನ ಬಾಗೇವಾಡಿಗೂ 'ರೋಡ್' ಎಂಬ ಬಾಲಂಗೋಚಿ ಹಚ್ಚಿದ ಸ್ಟೇಶನ್ನುಗಳು ಸಿಕ್ಕವು, ಅಂದರೆ ಊರು ಒಂದು ಕಡೆ, ಸ್ಟೇಶನ್ ಒಂದು ಕಡೆ. ಸಿಂದಗಿಗೂ ಮುದ್ದೇಬಿಹಾಳಕ್ಕೂ ಇಂದಿಗೂ ರೈಲು ಇಲ್ಲ. ಹೀಗಾಗಿ ಈ ಪೇಟೆಗಳ ಜೋಳ, ತೊಗರಿ, ಹತ್ತಿ, ಕುಸುಬಿ ಎಲ್ಲವೂ ಮನುಷ್ಯರ ಹೆಗಲು ಹತ್ತಿ ಇಳಿಯುತ್ತಲೇ ಹೋಗಬೇಕಿತ್ತು. ಹೊಲದ ಕಣದಿಂದ ಬಂಡಿಗೆ, ಬಂಡಿಯಿಂದ ಅಂಗಡಿಯ ಕಟ್ಟೆಗೆ, ಕಟ್ಟೆಯಿಂದ ತಕ್ಕಡಿಗೆ, ತಕ್ಕಡಿಯಿಂದ ಥಪ್ಪಿಗೆ, ಥಪ್ಪಿಯಿಂದ ಮತ್ತೆ ಬಂಡಿಗೆ ಅಥವಾ ಲಾರಿಗೆ. ಒಂದೇ ಚೀಲ ಊರು ಬಿಡುವುದರೊಳಗೆ ಐದಾರು ಸಲ ಎತ್ತಿಸಿಕೊಳ್ಳುತ್ತಿತ್ತು. ಮುತ್ಯಾನ ಕಾಲದ ಚೀಲ ಒಂದು ಕ್ವಿಂಟಲಿನದು. ಇಬ್ಬರು ಎತ್ತಿ ಹೆಗಲಿಗೆ ಕೊಡುತ್ತಿದ್ದರು, ಹೊರುವವನು ಒಬ್ಬನೇ. ಒಂದು ಕೈ ಚೀಲದ ಕಿವಿ ಹಿಡಿದರೆ ಇನ್ನೊಂದು ಕೈ ಸೊಂಟದ ಮೇಲೆ. ಯಾವ ಹೆಗಲಿಗೆ ಮೊದಲ ದಿನ ಚೀಲ ಬಂತೋ ಅದೇ ಹೆಗಲು ಕೊನೆಯವರೆಗೆ.

1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಒಬ್ಬ ಮನುಷ್ಯ ಹೊರಬಹುದಾದ ಭಾರದ ಬಗ್ಗೆ ಒಪ್ಪಂದವೊಂದನ್ನು ಮಾಡಿತು. ಅದರ ಜೊತೆಯ ಶಿಫಾರಸು ವಯಸ್ಕ ಗಂಡಸಿಗೆ 55 ಕೆಜಿ ಸಾಕು ಎಂದಿತು. ಭಾರತ ಆ ಒಪ್ಪಂದವನ್ನು ಅನುಮೋದಿಸಿದ್ದು 2010ರಲ್ಲಿ. ಅಷ್ಟರಲ್ಲಿ ಮುತ್ಯಾ ತೀರಿಕೊಂಡಿದ್ದ.

ಈ ಚೀಲಗಳ ಲೆಕ್ಕ ಖಾತೆಪುಸ್ತಕದಲ್ಲಿ ಸೊಗಸಾಗಿದೆ. ಯಾರ ಮಾಲು, ಎಷ್ಟು ಚೀಲ, ಹಮಾಲಿ ಎಷ್ಟು, ಎಲ್ಲ ಇದೆ. ಗಮನಿಸಿ, 'ಹಮಾಲಿ' ಎಂಬುದು ಅಲ್ಲಿ ಮನುಷ್ಯನ ಹೆಸರಲ್ಲ, ಖರ್ಚಿನ ಬಾಬತ್ತು. ನೋವಿನ ಬಾಬತ್ತು ಎಲ್ಲೂ ಇಲ್ಲ. ಅಪರೂಪಕ್ಕೆ ಒಂದು ಕಡೆ ಎಣ್ಣೆಗೆಂದು ನಾಕಾಣೆ ಬರೆದಿದ್ದನ್ನು ಕಂಡು ಕುಣಿದೆ. ವಿಚಾರಿಸಿದರೆ ಅದು ದೀಪದ ಎಣ್ಣೆ. 1884ರಲ್ಲಿ ಪ್ರಕಟವಾದ ಬಿಜಾಪುರದ ಗೆಜೆಟಿಯರ್ ಜಾತಿ ಜಾತಿಯಾಗಿ ಜನರ ಮೈಕಟ್ಟನ್ನು ವರ್ಣಿಸುತ್ತದೆ. ಬಣ್ಣ ಕಪ್ಪು, ಮೈ ಗಟ್ಟಿ ಎಂಬ ಬಗೆಯ ಮಾತುಗಳು. ಮಹಾಬರದ ಬೆನ್ನಿಗೇ ಬಂದ ಪುಸ್ತಕ ಅದು. 1876-78ರಲ್ಲಿ ಈ ಜಿಲ್ಲೆಯ ಜನ ಪರಿಹಾರ ಕಾಮಗಾರಿಯಲ್ಲಿ ಬುಟ್ಟಿಗಟ್ಟಲೆ ಮಣ್ಣು ಹೊತ್ತರು. ಮಣ್ಣಿಗೂ ಕೂಲಿಗೂ ಲೆಕ್ಕ ಇಟ್ಟರು. ಹೊತ್ತ ಕುತ್ತಿಗೆಯ ಸುದ್ದಿ ಯಾರಿಗೆ ಬೇಕಿತ್ತು?

ಹಾಗಾದರೆ ನೋವು ಎಲ್ಲಿ ದಾಖಲಾಗಿದೆ? ನಮ್ಮ ಮಾತಿನಲ್ಲಿ. ಮುದ್ದೇಬಿಹಾಳದ ಪೇಟೆಯ ಕಟ್ಟೆಯ ಮೇಲೆ ಕೂತ ಹಳೆಯ ಹಮಾಲರನ್ನು ಮಾತಾಡಿಸುವಾಗ ನಾನು 'ನೋವು' ಎಂಬ ಒಂದೇ ಪದ ಹಿಡಿದು ಹೋಗಿದ್ದೆ. ಅವರು ಅದನ್ನು ಬಳಸಲೇ ಇಲ್ಲ. ಬ್ಯಾನಿ ಬೇರೆ, ಚಳಕು ಬೇರೆ. ಕಾಲು 'ಹರೀತಾವ', ಮೊಣಕಾಲು 'ಸಿಡೀತಾವ', ನಡ 'ಹಿಡಕೊಂಡದ', ರಟ್ಟೆ 'ಜಗ್ತದ', ಬೆರಳು 'ಜುಮ್ ಅಂತಾವ'. ಚಳಕು ಎಂದರೆ ಒಂದೇ ಏಟಿಗೆ ಬಂದು ಉಸಿರು ನಿಲ್ಲಿಸುವುದು. ಹರಿಯುವುದು ರಾತ್ರಿಯದು, ಮಲಗಿದ ಮೇಲೆ ಬರುವುದು. ಸಿಡಿಯುವುದು ಮಳೆಗಾಲದ ಮೋಡ ಕಟ್ಟಿದಾಗ. ವೈದ್ಯರು ಒಂದರಿಂದ ಹತ್ತರೊಳಗೆ ನಿನ್ನ ನೋವಿಗೆ ಅಂಕ ಕೊಡು ಎನ್ನುತ್ತಾರಲ್ಲ, ಅದಕ್ಕಿಂತ ಎಷ್ಟೋ ಖಚಿತವಾದ ಲೆಕ್ಕ ಇದು. ಒಬ್ಬ ಅಜ್ಜ ಅಂಗಿ ಎತ್ತಿ ನಡದ ಮೇಲಿನ ಚುಟಿಗಿಯ ಕಲೆ ತೋರಿಸಿದ. ಕಾಯಿಸಿದ ಕಬ್ಬಿಣದಿಂದ ಕೊಟ್ಟ ಮೂರು ಬರೆ. "ಬ್ಯಾನಿ ಹೋಯ್ತೇನ್ರಿ ಮುತ್ಯಾ?" ಎಂದೆ. "ಚುಟಿಗಿ ಉರಿಯೊಳಗ ಹಳೇದ ನೆನಪs ಬರಲಿಲ್ಲ" ಎಂದು ನಕ್ಕ.

ಆ ಕಟ್ಟೆಯಲ್ಲಿ ಹೆಂಗಸರಿರಲಿಲ್ಲ. ಗುಡಿಯ ಮುಂದಿನ ಗುಂಡು ಅವರಿಗಲ್ಲ, ಜಾತ್ರೆಯ ಮಾಲೆಯೂ ಅವರಿಗಲ್ಲ. ಆದರೆ ನಾಲ್ಕೂ ತಾಲೂಕುಗಳಲ್ಲಿ ಅತಿ ಹೆಚ್ಚು ಓರೆ ಭಾರ ಹೊತ್ತವರು ಅವರೇ ಎಂದು ನನ್ನ ಗುಮಾನಿ. ತಲೆಯ ಮೇಲೊಂದು ಕೊಡ, ಟೊಂಕದ ಮೇಲೊಂದು ಕೊಡ. ತಲೆಯ ಮೇಲಿನದು ನೇರ, ಟೊಂಕದ್ದು ಓರೆ. ಕೊಡ ಇಳಿಸಿದರೆ ಅದೇ ಟೊಂಕಕ್ಕೆ ಕೂಸು. ಬರದ ನಾಡಿನಲ್ಲಿ ಬಾವಿ ದೂರ. ನಮ್ಮ ಆಯಿಗೆ ಯಾವ ಟೊಂಕ ನೋಯುತ್ತಿತ್ತು ಎಂದು ಅವ್ವನನ್ನು ಕೇಳಿದೆ. ಅವಳಿಗೆ ನೆನಪಿರಲಿಲ್ಲ. ಮುತ್ಯಾನ ಹೆಗಲು ನೆನಪಿದೆ.

ಇಷ್ಟೆಲ್ಲ ಕಟ್ಟಿಕೊಂಡ ಮೇಲೆ ಮೂಳೆ ವೈದ್ಯರೊಬ್ಬರ ಎದುರು ಕುಳಿತು, ತಲೆಮಾರುಗಳ ಹಮಾಲಿ ನನ್ನ ಬೆನ್ನಿಗೆ ಬಂದಿದೆಯೇ ಎಂದು ಕೇಳಿದೆ. ಅವರು ತಾಳ್ಮೆಯಿಂದ ಇಲ್ಲ ಎಂದರು. ಬೆನ್ನುಮೂಳೆಯ ಓರೆಯನ್ನು ಅಳೆಯುವ ವಿಧಾನವನ್ನು ಅಮೆರಿಕದ ಜಾನ್ ಕಾಬ್ 1948ರಲ್ಲಿ ವಿವರಿಸಿದ. 10 ಡಿಗ್ರಿ ದಾಟಿದರೆ ಸ್ಕೋಲಿಯೋಸಿಸ್. ನೂರರಲ್ಲಿ ಎರಡು ಮೂರು ಮಂದಿಗೆ ಅದು ಇರುತ್ತದೆ. ಬಹುಪಾಲು ಹರೆಯಕ್ಕೆ ಬರುವ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ, ಹೆಚ್ಚಿನವರಲ್ಲಿ ಕಾರಣ ತಿಳಿಯುವುದಿಲ್ಲ. ಮನೆತನದಲ್ಲಿ ಬರುವುದುಂಟು, ಆದರೆ ಭಾರ ಹೊತ್ತದ್ದರಿಂದ ಬರುವುದಲ್ಲ. ದುಡಿದವನ ಹೆಗಲು ಮೊಮ್ಮಗನಿಗೆ ಆಸ್ತಿಯಂತೆ ಇಳಿಯುವುದಿಲ್ಲ. ಇನ್ನೂ ಒಂದು ಮಾತು: 13 ಡಿಗ್ರಿ ಅಷ್ಟು ನೋಯಿಸುವುದೂ ಇಲ್ಲ. ನನ್ನ ಕೀಲುನೋವಿಗೆ ಓರೆಗಿಂತ ಹೆಚ್ಚಾಗಿ ನಾನು ಅವಸರದಿಂದ ಏರಿಸಿದ ತೂಕ, ಎಡಗಡೆಗೆ ಹಾಕಿದ ಆ ಎರಡೂವರೆ ಕೆಜಿ, ದಿನಕ್ಕೆ ಹತ್ತು ತಾಸು ಕುರ್ಚಿಯಲ್ಲಿ ಕೂತು ಓದುವುದು ಕಾರಣವಿರಬಹುದು ಎಂದರು. ಮುತ್ಯಾನ ಸಂಗತಿ ಬೇರೆ. ವರ್ಷಗಟ್ಟಲೆ ಭಾರ ಹೊತ್ತು, ಕುಕ್ಕರಗಾಲಲ್ಲಿ ಕೂತೆದ್ದವರ ಮೊಣಕಾಲಿನ ಕೀಲು ಸವೆಯುವುದು ನಿಜ. ಅವರ ನಡ ಹಿಡಿಯುವುದೂ ನಿಜ.

ಹಾಸ್ಟೆಲಿಗೆ ಬಂದು ಕಿಟಕಿಯ ಎಕ್ಸ್‌ರೇ ಕಿತ್ತೆ. ನಿಜ ಹೇಳುತ್ತೇನೆ, ಬೇಸರವಾಯಿತು. ಮುತ್ಯಾನ ಬ್ಯಾನಿಗೆ ವಾರಸುದಾರನಾಗುವ ಆಸೆ ನನಗಿತ್ತು. ಅವನು ಕ್ವಿಂಟಲ್ ಚೀಲ ಹೊತ್ತು ಪಡೆದದ್ದನ್ನು ನಾನು ಫೆಲೋಶಿಪ್ಪಿನ ಹಣದಲ್ಲಿ ಜಿಮ್ಮಿಗೆ ಹೋಗಿ ಪಡೆದೆ ಎಂಬುದು ಬರೆಯಲು ಅಷ್ಟು ಚೆಂದದ ಸಾಲಲ್ಲ.

ಆದರೂ ಒಂದು ಸಾಕ್ಷಿ ಉಳಿದಿತ್ತು. ನಮ್ಮೂರಿನ ಸಿಂಪಿಗೇರ ಕಾಕಾ. ಮುತ್ಯಾನ ಅಂಗಿಗಳನ್ನು ಹೊಲಿದವರು ಅವರ ತಂದೆ, ಪಕ್ಕದಲ್ಲಿ ಕೂತು ಕಾಜು ಗುಂಡಿ ಹಚ್ಚಿದವರು ಇವರು. ಕಳೆದ ದಸರೆಗೆ ಹೋದಾಗ ಕೇಳಿದೆ. ಕಾಕಾ ಮಷೀನಿನ ಗಾಲಿ ನಿಲ್ಲಿಸದೆ ಹೇಳಿದರು: "ಹಮಾಲರ ಅಂಗಿ ಅಂದ್ರ ಮೊದಲ ಹೆಗಲ ಹರೀತದ. ಒಳಗ ಡಬಲ್ ಅರಿವಿ ಕೊಡ್ತಿದ್ದಿವಿ. ನಿಮ್ಮ ಮುತ್ಯಾಗ ಬಲಗಡಿ. ಬಲಹೆಗಲ ಒಂದ್ ಬಟ್ಟ ಕೆಳಗಿತ್ತು."

ನನ್ನದು ಎಡಹೆಗಲು ಕೆಳಗೆ.

ಹಾಗೆಂದು ಹೇಳಿದೆ. ಕಾಕಾ ಮೊದಲ ಸಲ ತಲೆ ಎತ್ತಿ ನೋಡಿ, "ಹಿಂದಕ್ಕ ತಿರುಗಿ ನಿಂದ್ರು" ಎಂದರು. ಟೇಪಿನಿಂದ ಕುತ್ತಿಗೆಯ ಬುಡದಿಂದ ಆ ಕಡೆ ಈ ಕಡೆ ಅಳೆದು, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲ್ ತೆಗೆದು ನನ್ನ ಹೆಸರಿನ ಮುಂದೆ ಏನೋ ಬರೆದುಕೊಂಡರು. ನಾನು ಬಗ್ಗಿ ನೋಡಿದೆ. 'ಎಡಕ್ಕ ಅರ್ಧ ಇಂಚು ಕಮ್ಮಿ' ಎಂದಿತ್ತು. ಮೇಲಿನ ಸಾಲುಗಳಲ್ಲಿ ಊರಿನ ಬೇರೆಯವರ ಹೆಸರು, ಅವರವರ ಹೆಗಲಿನ ಲೆಕ್ಕ. ಹಳೆಯ ವಹಿಗಳೇನಾದರೂ ಇವೆಯೇ ಕಾಕಾ, ನಿಮ್ಮ ಅಪ್ಪಾರದು, ಎಂದು ಕೇಳಿದೆ. ಮಾಡದ ಮೇಲಿನ ಟ್ರಂಕಿನ ಕಡೆ ಕತ್ತರಿ ತೋರಿಸಿದರು.